ಅತ್ತೆ ಹೊಲಿದ ದೋಣಿ

ಕತ್ತಿನಲ್ಲಿ ಅಳತೆಯ ಟೇಪು ನೇತಾಡುತ್ತಿದ್ದ ಹಾಗೆಯೇ ನನ್ನ ಸೋದರತ್ತೆ ಸಮುದ್ರದೊಳಗಿಂದ ಎದ್ದು ನಿಂತಳು. ಎದೆಮಟ್ಟ ನೀರು. ಟೇಪಿಗೆ ಪಾಚಿಯ ಎಳೆಯೊಂದು ಸುತ್ತಿಕೊಂಡಿತ್ತು. ಅವಳನ್ನು ನೀರಿಗೆ ಬೀಳಿಸಿದವನು ನಾನು. ಅದೂ ಕೈಯಿಂದಲ್ಲ, ಬಾಯಿಂದ.

ಮೊದಲು ದೋಣಿಯ ವಿಷಯ ಹೇಳಬೇಕು. ಅಬ್ಬಿಗೆರೆಯಲ್ಲಿ ಶಾಲೆಯ ಯೂನಿಫಾರಂ ಹೊಲಿಯುವ ಅಂಗಡಿ ಇಟ್ಟವಳಿಗೆ ದೋಣಿ ಯಾಕೆ ಎಂದು ಬೀದಿಯವರೆಲ್ಲ ಕೇಳಿದ್ದಾರೆ. ಒಮ್ಮೆ ಹೊನ್ನಾವರದ ಕಡೆ ಪ್ರವಾಸ ಹೋದಾಗ, ಪಕ್ಕಕ್ಕೆ ಮರದ ದಿಮ್ಮಿ ಕಟ್ಟಿಕೊಂಡಿದ್ದ ಕಿರಿದಾದ ದೋಣಿಯೊಂದನ್ನು ಕಂಡಳಂತೆ. ಉಳಿದವರು ಸೂರ್ಯಾಸ್ತದ ಫೋಟೊ ತೆಗೆಯುತ್ತಿದ್ದರೆ ಇವಳು ಅದರ ಮೀನುಗಾರನ ಬೆನ್ನು ಬಿದ್ದಳು. ಆ ದಿಮ್ಮಿ ಯಾಕೆ, ಒಂದೇ ಕಡೆ ಯಾಕೆ, ಎರಡೂ ಕಡೆ ಇದ್ದರೆ ಏನಾಗುತ್ತದೆ. ಅವನು ಬೇಸತ್ತು ಇವಳನ್ನೇ ಹತ್ತಿಸಿಕೊಂಡು ಒಂದು ಸುತ್ತು ಹೊಡೆಸಿದ. ಇಳಿದ ಮೇಲೆ ಊಟಕ್ಕೂ ಬರಲಿಲ್ಲ, ದೋಣಿಯ ಅಳತೆ ತೆಗೆಯುತ್ತ ನಿಂತಳು ಎಂದು ಮಾವ ಇವತ್ತಿಗೂ ದೂರುತ್ತಾರೆ.

ಯಶವಂತಪುರದಿಂದ ಪ್ಲೈವುಡ್ ಬಂತು. ಹಾಳೆಗಳನ್ನು ಪ್ಯಾಂಟಿನ ಬಟ್ಟೆಯಂತೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕತ್ತರಿಸಿದಳು. ಅಂಚಿಗೆ ತೂತು ಕೊರೆದು ತಾಮ್ರದ ತಂತಿಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅಂಟು ಬಳಿದಳು. ದೋಣಿಯನ್ನು ಹೊಲಿದೂ ಮಾಡಬಹುದೆಂದು ನನಗೆ ಗೊತ್ತೇ ಇರಲಿಲ್ಲ.

"ಅತ್ತೆ, ಮುಂದಿನ ವರ್ಷಕ್ಕೆ ದೋಣಿ ಬೆಳೆದ್ರೆ ಬಿಚ್ಚೋಕೆ ಮಾರ್ಜಿನ್ ಬಿಟ್ಟಿದ್ದೀಯಾ?" ಎಂದು ಅವಳದೇ ಮೂಗಿನ ದನಿಯಲ್ಲಿ ಕೇಳಿದೆ.

"ನಿನ್ನ ಬಾಯಿಗೆ ಒಂದು ಹೊಲಿಗೆ ಹಾಕೋವಷ್ಟು ತಂತಿ ಬಿಟ್ಟಿದ್ದೀನಿ," ಎಂದಳು, ತಲೆ ಎತ್ತದೆ.

ಮಿಮಿಕ್ರಿ ನನ್ನ ರೋಗ. ತರಕಾರಿ ಗಾಡಿಯವರು, ನಮ್ಮಪ್ಪ, ಮೆಟ್ರೋದಲ್ಲಿ ನಿಲ್ದಾಣದ ಹೆಸರು ಹೇಳುವ ಹೆಂಗಸು, ಎಲ್ಲರ ದನಿಯೂ ಬರುತ್ತದೆ. ನಿನ್ನ ದನಿ ಯಾವುದಪ್ಪ ಎಂದರೆ ಮಾತ್ರ ಸ್ವಲ್ಪ ಯೋಚಿಸಬೇಕು.

ದಿಮ್ಮಿ ಯಾಕೆಂದು ನಾನೂ ಕೇಳಿದೆ. "ಬಸ್ಸಲ್ಲಿ ನಿಂತಾಗ ಬೀಳಬಾರ್ದು ಅಂತ ಒಂದು ಕಾಲು ಅಗಲಿಸಿ ಇಡ್ತೀಯಲ್ಲ? ದೋಣಿನೂ ಅಷ್ಟೇ ಕಣೋ." ಎರಡು ಕೋಲುಗಳು ಆ ದಿಮ್ಮಿಯನ್ನು ದೋಣಿಗೆ ಜೋಡಿಸಿದ್ದವು. ಗಾಳಿ ಜೋರಾಗಿ ಹಾಯಿಯನ್ನು ತಳ್ಳಿದರೆ ದಿಮ್ಮಿ ಮೇಲೇಳುತ್ತದೆ. ಆಗ ಒಬ್ಬರು ಕೋಲುಗಳ ಮೇಲೆ ಆಚೆ ಸರಿದು ಕೂತು ಅದನ್ನು ಅದುಮಬೇಕು. ಗಾಳಿ ಇಳಿದರೆ ಒಳಗೆ ಬರಬೇಕು, ಇಲ್ಲವಾದರೆ ದಿಮ್ಮಿ ಮುಳುಗಿ ದೋಣಿ ಅತ್ತಲೇ ತಿರುಗಿಬಿಡುತ್ತದೆ. ಆ ಕೆಲಸ ಮಾವನದು. ಅವರಿಗೆ ಗಾಳಿ ಗೊತ್ತಾಗುತ್ತಿರಲಿಲ್ಲ, ಹೆಂಡತಿಯ ದನಿ ಗೊತ್ತಾಗುತ್ತಿತ್ತು. "ರೀ, ಹೊರಗೆ" ಎಂದರೆ ಹೊರಗೆ, "ರೀ, ಒಳಗೆ" ಎಂದರೆ ಒಳಗೆ.

ಪ್ರತಿ ವರ್ಷ ಬೇಸಿಗೆ ಶುರುವಾಗುವ ಮೊದಲು ಟೆಂಪೋ ಮೇಲೆ ದೋಣಿ ಬಿಗಿದು ಹೊರಡುತ್ತಿದ್ದೆವು. ನಾಗಸಂದ್ರದ ಸಿಗ್ನಲ್ಲಿನಲ್ಲಿ ಆಟೋದವರೊಬ್ಬರು ಕತ್ತು ಹೊರಹಾಕಿ, "ಮೇಡಂ, ಈ ಕಡೆ ಸಮುದ್ರ ಎಲ್ಲಿದೆ?" ಎಂದರು. "ಮೀಟರ್ ಹಾಕ್ತೀರಾ? ನೀವೂ ಬನ್ನಿ, ತೋರಿಸ್ತೀನಿ," ಎಂದಳು ಅತ್ತೆ. ಸಮುದ್ರ ಮುಟ್ಟಿದ ಮೇಲೆ ಹಗಲೆಲ್ಲ ದಡದ ಪಕ್ಕದಲ್ಲೇ ಸಾಗಿ, ಸಂಜೆ ಎಲ್ಲಿ ಮರಳು ಸಿಕ್ಕಿತೋ ಅಲ್ಲಿ ಅವಳೇ ಹೊಲಿದ ಟೆಂಟು. ಹಾಯಿ ಒಣಹಾಕದೆ ಯಾರಿಗೂ ಕಾಫಿ ಇಲ್ಲ.

ಅಂಥ ಒಂದು ಪ್ರವಾಸದಲ್ಲೇ ನಾನು ಬಾಯಿ ಬಿಟ್ಟದ್ದು. ಮಾವ ಕೋಲಿನ ಮೇಲೆ ಗಂಭೀರವಾಗಿ ಕೂತಿದ್ದರು. ಅತ್ತೆಯ ದನಿಯಲ್ಲಿ, "ರೀ, ಒಳಗ್ ಬನ್ನಿ, ಕಾಫಿ ಆರೋಗುತ್ತೆ," ಎಂದೆ. ಅದೇ ಹೊತ್ತಿಗೆ ಗಾಳಿ ಬೀಸಿತು. ಮಾವ ವಿಧೇಯರಾಗಿ ಒಳಗೆ ಬಂದರು. ದಿಮ್ಮಿ ಆಕಾಶ ನೋಡಿತು, ನಾವು ನೀರು ಕುಡಿದೆವು.

ದೋಣಿ ನೆಟ್ಟಗೆ ಮಾಡಿ, ನೀರು ಮೊಗೆದು, ದಡ ಸೇರಿದ ಮೇಲೆ ಬೈಗುಳಕ್ಕೆ ಕಾದು ಕೂತೆ. ಅತ್ತೆ ಟೇಪನ್ನು ಸೆರಗಿನಲ್ಲಿ ಒರೆಸಿ ಮತ್ತೆ ಕತ್ತಿಗೆ ಹಾಕಿಕೊಂಡಳು. "ನೆಲದ ಮೇಲೆ ನನ್ನನ್ನ ಎಷ್ಟು ಬೇಕಾದ್ರೂ ಆಡ್ಕೋ. ನೀರಲ್ಲಿ ನನ್ನ ದನಿ ಒಂದೇ ಇರ್ಬೇಕು. ಆಗಲ್ಲ ಅಂದ್ರೆ ಮುಂದಿನ ಸಲ ಬರ್ಬೇಡ."

ಮುಂದಿನ ಸಲ ಹೋದೆ, ಬಾಯಿ ಮುಚ್ಚಿಕೊಂಡು. ಸುಮ್ಮನಿರುವವನ ಕೈಗೆ ಕೆಲಸ ಬೇಕೆಂದು ಅವಳು ಚುಕ್ಕಾಣಿ ಕೊಟ್ಟಳು. ಕೆನ್ನೆಯ ಮೇಲೆ ಗಾಳಿ ಬದಲಾಗುವುದನ್ನು ಹಿಡಿಯಲು ಕಲಿತದ್ದು ಹಾಗೆ. ಮಾತಾಡುತ್ತಿದ್ದಷ್ಟು ದಿನ ನನಗೆ ಕೆನ್ನೆ ಇರುವುದೇ ತಿಳಿದಿರಲಿಲ್ಲ.

ಹೋದ ವರ್ಷ ಅತ್ತೆ ತೀರಿಕೊಂಡಳು. ದೋಣಿಯನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ನೆಂಟರೆಲ್ಲ ಹೇಳಿದರು. ಮಾವ ನನ್ನನ್ನು ಕರೆಸಿ, "ಒಂದ್ಸಲ ಹೋಗಿ ನೋಡೋಣ. ನಮ್ಮಿಬ್ರ ಕೈಲಿ ಆದ್ರೆ ಇಟ್ಕೊಳೋಣ, ಆಗ್ಲಿಲ್ಲ ಅಂದ್ರೆ ಅಲ್ಲೇ ಮೀನುಗಾರರಿಗೆ ಕೊಟ್ಟು ಬರೋಣ," ಎಂದರು.

ಹೋದೆವು. ಚುಕ್ಕಾಣಿ ನನ್ನ ಕೈಯಲ್ಲಿ. ಮಾವ ನನಗೆ ಬೆನ್ನು ಹಾಕಿ ಕೋಲಿನ ಮೇಲೆ. ಸ್ವಲ್ಪ ಹೊತ್ತಿಗೆ ಕೆನ್ನೆಯ ಮೇಲೆ ಗಾಳಿ ಸಡಿಲವಾಯಿತು. ದಿಮ್ಮಿ ಮುಳುಗತೊಡಗಿತು, ದೋಣಿ ತಿರುಗತೊಡಗಿತು. ಮಾವನಿಗೆ ಹೇಳಬೇಕು. ಹಿರಿಯರನ್ನು ಅಣಕಿಸಿ ಗೊತ್ತೇ ಹೊರತು, ಅವರಿಗೆ ಅಪ್ಪಣೆ ಕೊಟ್ಟು ಗೊತ್ತಿಲ್ಲ. ಬಾಯಿ ತೆರೆದರೆ ಬಂದದ್ದು ಅವಳ ದನಿ.

"ರೀ, ಒಳಗೆ."

ಮಾವ ಅಲುಗಲಿಲ್ಲ. ನೀರು ಅವರ ಪಾದ ಮುಟ್ಟಿತು. ಇನ್ನೊಮ್ಮೆ ಹೇಳಿದೆ, ಇನ್ನೂ ಚೆನ್ನಾಗಿ, ಥೇಟ್ ಅವಳ ಹಾಗೆಯೇ.

ಅವರು ತಿರುಗದೆಯೇ ಹೇಳಿದರು: "ಅವಳಾಗಿದ್ರೆ ಇಷ್ಟೊತ್ತಿಗೆ ಎರಡು ಸಲ ಬೈದಿರ್ತಿದ್ಲು. ನಿನ್ನ ದನೀಲಿ ಹೇಳು, ಬರ್ತೀನಿ."