ಸಂಡಾಸದ ಚಿಲಕ

ಕಳೆದ ತಿಂಗಳು ಪುಣೆಯ ವಾಕಡದ ನಮ್ಮ ಮನೆಯ ಫ್ಲಶ್ ಟ್ಯಾಂಕ್ ಸೋರತೊಡಗಿತು. ವಾಶರ್ ಕೊಳ್ಳಲು ಹಾರ್ಡ್‌ವೇರ್ ಅಂಗಡಿಗೆ ಹೋಗಿ ನಿಂತಿದ್ದೆ. ಪಕ್ಕದ ಗಿರಾಕಿಗೆ ತೋರಿಸಲೆಂದು ಅಂಗಡಿಯವನು ಒಂದು ಪುಟ್ಟ ಡಬ್ಬಿಯ ಮುಚ್ಚಳ ಎಬ್ಬಿಸಿದ. ಸಫೇದಾ. ಕಬ್ಬಿಣದ ಪೈಪುಗಳನ್ನು ಕೂಡಿಸುವಾಗ ನಾರು ಸುತ್ತಿ ಮೇಲೆ ಮೆತ್ತುವ ಬಿಳಿಯ ಮುಲಾಮು. ಎಣ್ಣೆ, ಸುಣ್ಣ, ಹಳೆಯ ಬಣ್ಣ ಮೂರೂ ಬೆರೆತಂಥ ವಾಸನೆ. ಈಗ ಎಲ್ಲರೂ ಟೇಪು ಸುತ್ತುತ್ತಾರೆ, ಟೇಪಿಗೆ ವಾಸನೆಯಿಲ್ಲ.

ಆ ವಾಸನೆಗೆ ಎದುರುಮನೆಯ ಕಾಕಾ ನೆನಪಾದರು ಅಂತ ಬರೆದರೆ ಪೂರ್ತಿ ನಿಜವಾಗುವುದಿಲ್ಲ. ಮೊದಲು ಬಂದದ್ದು ಅವರ ಕೈ. ಬೆರಳ ಸಂದಿಗಳಲ್ಲಿ ಬೆಳ್ಳಗೆ ಒಣಗಿಕೊಂಡ ಸಫೇದಾ. ಮುಖ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದ ಮುಖವಾದರೂ ನಾನು ದಿನಾ ನೋಡುತ್ತಿದ್ದ ಮುಖವೋ, ಅವರ ಮನೆಯ ಗೋಡೆಯ ಮೇಲಿದ್ದ ಫೋಟೋದ್ದೋ...

ಮದುವೆಯಾಗಿ ಮೈಸೂರಿನಿಂದ ಪುಣೆಗೆ ಬಂದ ಹೊಸತರಲ್ಲಿ ನಾವು ಮಾರ್ಕೆಟ್ ಯಾರ್ಡಿನ ಬಳಿ ಒಂದು ಹಳೆಯ ಕಟ್ಟಡದಲ್ಲಿದ್ದೆವು. ಎದುರು ಬಾಗಿಲಿನಲ್ಲಿ ಧಾರವಾಡದ ಕಡೆಯ ದಂಪತಿ. ಕಾಕಾ, ಕಾಕು. ಮರಾಠಿಯವರೂ ಸೇರಿ ಇಡೀ ಕಟ್ಟಡ ಅವರನ್ನು ಹಾಗೇ ಕರೆಯುತ್ತಿತ್ತು. ಕಾಕಾ ದೇಹೂ ರೋಡಿನ ಒಂದು ಡಿಪೋದಲ್ಲಿ ಉಗ್ರಾಣ ನೋಡಿಕೊಂಡಿದ್ದು ನಿವೃತ್ತರಾದವರು. ಒಬ್ಬಳೇ ಮಗಳು, ಮದುವೆಯಾಗಿ ನಾಸಿಕದಲ್ಲಿದ್ದಳು.

ಸಣ್ಣ ಕೆಲಸಕ್ಕೆ ಪ್ಲಂಬರುಗಳು ಬರುತ್ತಿರಲಿಲ್ಲ. ಹಾಗಾಗಿ ಕಟ್ಟಡದ ಸಂಡಾಸಗಳೆಲ್ಲ ಕಾಕಾನ ಕೈಯಲ್ಲಿದ್ದವು. ಆದರೆ ಕಾಕುವಿಗೆ ಮಡಿ. ಸಂಡಾಸ ಮುಟ್ಟಿದ ಕೈ ಸ್ನಾನವಾಗದೆ ಅಡುಗೆಮನೆಗೆ ಬರುವಂತಿಲ್ಲ, ಸ್ನಾನವಾದ ಕೈ ಮತ್ತೆ ಸಂಡಾಸ ಮುಟ್ಟುವಂತಿಲ್ಲ. ಆದ್ದರಿಂದ ಕಾಕಾನ ರಿಪೇರಿಗಳೆಲ್ಲ ಬೆಳಗಿನ ಸ್ನಾನಕ್ಕೆ ಮೊದಲು. ಒಮ್ಮೆ ನಾನು ಮಧ್ಯಾಹ್ನ ಹೋಗಿ ನಮ್ಮ ಟ್ಯಾಂಕ್ ನಿಲ್ಲದೆ ಹರಿಯುತ್ತಿದೆ ಅಂದೆ. ಅವರು ಪೇಪರಿನಿಂದ ತಲೆ ಎತ್ತದೆಯೇ, "ನಿಮ್ಮ ಸಂಡಾಸಕ್ಕ ಒಂದೀಟು ಶಿಸ್ತು ಕಲಸವಾ. ನಂದು ಸ್ನಾನ ಆದ ಮ್ಯಾಲೆ ಕೆಡಬಾರದು" ಅಂದರು.

ಮರುದಿನ ಬೆಳಿಗ್ಗೆ ಬಂದರು. ಕಾಕುವಿನ ಕಣ್ಣು ತಪ್ಪಿಸಿ ತಂದ ಚಿಟಿಕೆ ಅರಿಶಿನವನ್ನು ಟ್ಯಾಂಕಿನ ನೀರಿಗೆ ಕದಡಿ, ಫ್ಲಶ್ ಮಾಡದೆ ಕಾಯಿರಿ ಅಂದರು. ಸ್ವಲ್ಪ ಹೊತ್ತಿಗೆ ಕೆಳಗೆ ಬಿಳಿ ಪಿಂಗಾಣಿಯ ಮೇಲೆ ಸಣ್ಣಗೆ ಹಳದಿ ಗೆರೆ ಇಳಿಯಿತು. ತಳದ ವಾಶರ್ ಸವೆದಿದೆ ಅಂತ ಅರ್ಥ. ಗೆರೆ ಇಳಿಯದೆ ಇದ್ದಿದ್ದರೆ ದೋಷ ಮೇಲಿನ ತೇಲುಚೆಂಡಿನದು. ಎದುರು ಬಾಗಿಲಿನಿಂದ ಕಾಕುವಿನ ದನಿ ಬಂತು: "ಅರಿಷಿಣ ಹಾಕೂ ಜಾಗಾ ಏನ್ರಿ ಅದು? ನಿಮಗ ಬುದ್ಧಿ ಯಾವಾಗ ಬರ್ತದ?" ಆಮೇಲಿನಿಂದ ಅವರು ಬೀಟ್‌ರೂಟಿನ ನೀರು ತರುತ್ತಿದ್ದರು. ಅದು ಕಾಕು ಕೊಟ್ಟ ಪರವಾನಗಿಯೋ, ಕದ್ದದ್ದೋ ನನಗೆ ತಿಳಿಯದು.

ಕಟ್ಟಿಕೊಂಡ ಸಂಡಾಸಕ್ಕೆ ಕುದಿಯುವ ನೀರು ಹಾಕಬೇಡಿ, ಪಿಂಗಾಣಿ ಬಿರುಕು ಬಿಡುತ್ತದೆ, ಕೈ ಸುಡದಷ್ಟು ಬಿಸಿಯದನ್ನು ಎತ್ತರದಿಂದ ಒಂದೇ ಸಲ ಸುರಿಯಿರಿ. ಊರಿಗೆ ಹೋಗಿ ಬಂದಾಗ ನಾತ ಬಂದರೆ ಒಳಗಿನ ಬಾಗಿದ ಕೊಳವೆಯಲ್ಲಿ ನೀರು ಆರಿದೆ, ಒಂದು ಬಕೆಟ್ ಹಾಕಿದರೆ ಸಾಕು. ಇಂಥವನ್ನೆಲ್ಲ ಅವರಿಂದ ಕೇಳಿದ್ದು. ಅಥವಾ ಆಮೇಲೆ ಎಲ್ಲೆಲ್ಲೋ ಕೇಳಿದ್ದನ್ನು ಅವರ ಬಾಯಲ್ಲಿ ಹೇಳಿಸುತ್ತಿದ್ದೇನೆ. ಒಂದಂತೂ ಅವರದೇ. ಯಾರಾದರೂ ಸಂಡಾಸ ಕೆಟ್ಟಿದೆ ಅಂದರೆ ಅವರು ಮೊದಲು ಕೇಳುತ್ತಿದ್ದದ್ದು, "ಏನ್ ಸಪ್ಪಳ ಬರ್ತದ?"

ಕಾಕುವಿನ ಸೊಂಟ ಮುರಿದದ್ದು ನಾವು ಬಂದ ಮೂರನೆಯ ವರ್ಷವಿರಬೇಕು. ಮೆಟ್ಟಿಲಲ್ಲಿ ಬಿದ್ದರು. ಆಪರೇಷನ್ ಆಯಿತು, ಇನ್ನು ಕುಕ್ಕುರುಗಾಲಿನಲ್ಲಿ ಕೂರುವಂತಿಲ್ಲ ಅಂದರು ಡಾಕ್ಟರು. ಕಾಕಾ ಗಾರೆ ಕೆಲಸದ ಗೌಂಡಿಯನ್ನು ಕರೆಸಿ, ಮುಂದೆ ನಿಂತು, ಕಮೋಡ್ ಹಾಕಿಸಿದರು. ಗೋಡೆಗೆ ಹಿಡಿಕೆ ಬಡಿದರು. ಒಳಗೆ ಬಿದ್ದರೆ ಮೈ ಅಡ್ಡ ಬಂದು ಬಾಗಿಲು ತೆರೆಯದೆ ಹೋದೀತೆಂದು, ಕೀಲುಗಳನ್ನು ಬದಲಿಸಿ ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿದರು. ಒಳಗಿನ ಚಿಲಕವನ್ನು ತಿರುಪು ಬಿಚ್ಚಿ ತೆಗೆದುಹಾಕಿದರು. ಕಾಕು ಒಳಗೆ ಹೋದಾಗೆಲ್ಲ ಅವರು ಬಾಗಿಲ ಹೊರಗೆ ನಿಂತಿರುತ್ತಿದ್ದರು. ಆಗಾಗ "ಆತೇನು?" ಅನ್ನುತ್ತಿದ್ದರು. ನಮ್ಮ ಅಡುಗೆಮನೆಯ ಕಿಟಕಿಗೆ ಅದು ಕೇಳಿಸುತ್ತಿತ್ತು.

ಕಾಕುವಿಗೆ ಜ್ವರ ಬರತೊಡಗಿತು. ಮೂತ್ರದ ಸೋಂಕು, ನೀರು ಕುಡಿಯುತ್ತಿಲ್ಲ ಅಂದರು ಡಾಕ್ಟರು. ಒಮ್ಮೆ ಆಸ್ಪತ್ರೆಗೆ ಸೇರಿಸಿ ಕರೆತಂದರು, ಮತ್ತೆ ಜ್ವರ. ಹೀಗೇ ಮುಂದುವರಿದರೆ ಮೂತ್ರಪಿಂಡಕ್ಕೆ ಏಟು ಬೀಳುತ್ತದೆ ಅಂತ ಹೆದರಿಸಿದರು. ಕಾಕಾ ಇದಕ್ಕೆ ಕಾರಣ ಕಮೋಡಿನಲ್ಲೇ ಇದೆಯೆಂದು ನಂಬಿಬಿಟ್ಟರು. ಎತ್ತರ ಹೆಚ್ಚಾಯಿತೆಂದು ಕಾಲ ಕೆಳಗೆ ಮಣೆ ಇಟ್ಟರು. ಫ್ಲಶ್‌ನ ಸದ್ದಿಗೆ ಬೆಚ್ಚುತ್ತಾಳೆಂದು ಟ್ಯಾಂಕಿಗೆ ನೀರು ಬಿಡುವ ನಲ್ಲಿ ತಿರುವಿ ರಭಸ ತಗ್ಗಿಸಿದರು. ಸೀಟು ತಣ್ಣಗಿರುತ್ತದೆಂದು ಬಟ್ಟೆಯ ಗವಸು ಹೊಲಿದರು, ಕಾಕು ಮೈಲಿಗೆಯೆಂದು ಕಿತ್ತೆಸೆದರು. ತೊಳೆದುಕೊಳ್ಳುವ ಪಿಚಕಾರಿ ಕೊಳವೆ ಬೇಡವೇನೋ ಎಂದು ಹಳೆಯ ಹಿತ್ತಾಳೆಯ ತಂಬಿಗೆಯನ್ನೇ ಒಳಗಿಟ್ಟರು. ಒಂದೊಂದು ಬೆಳಿಗ್ಗೆ ಒಂದೊಂದು ಉಪಾಯ. ಕಾಕುವಿನ ಹಾಸಿಗೆಯ ಬಳಿಯ ನೀರಿನ ಬಾಟಲಿ ಮಾತ್ರ ತುಂಬಿದ್ದು ತುಂಬಿದ ಹಾಗೇ ಇರುತ್ತಿತ್ತು.

ಒಂದು ದಿನ ಅವರ ಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದೆ. ಕಾಕಾ ಪೆನ್ಶನ್ನಿನ ಕೆಲಸಕ್ಕೆ ಹೊರಗೆ ಹೋಗಿದ್ದರು. ನೀರು ಕುಡಿಯಿರಿ ಕಾಕು, ಹೀಗೆ ಹಟ ಮಾಡಬೇಡಿ ಅಂದೆ.

"ಏ ಹುಡುಗಿ, ಪುಸ್ತಕದಾಗಿನ ಕನ್ನಡ ಮಾತಾಡಿ ನನಗ ಬುದ್ಧಿ ಹೇಳಬ್ಯಾಡ" ಅಂದರು. ಸೊಪ್ಪಿನ ನಾಲ್ಕು ಕಡ್ಡಿ ಮುರಿದರು. ಆಮೇಲೆ, ನನ್ನ ಕಡೆ ನೋಡದೆ, "ನೀರು ಕುಡದ್ರ ಹೋಗಬೇಕಾಗ್ತದ. ಹೋದ್ರ ಅವರು ಬಾಗಲದಾಗ ನಿಂತಿರ್ತಾರ. ಲಗ್ನಾಗಿ ಬಂದಾಗಿಂದ ನಾ ಯಾವಾಗ ಹೋಗ್ತೀನಿ, ಯಾವಾಗ ಬರ್ತೀನಿ ಅಂತ ಅವರಿಗೆ ಗೊತ್ತಿಲ್ಲ. ಈಗ ಸಪ್ಪಳಾ ಕೇಳ್ಕೋತ ನಿಂದರ್ತಾರ" ಅಂದರು.

ಧಾರವಾಡದ ಅವರ ಅತ್ತೆಮನೆಯಲ್ಲಿ ಸಂಡಾಸ ಹಿತ್ತಿಲ ಕೊನೆಗಿತ್ತಂತೆ. ಹೆಂಗಸರು ಗಂಡಸರು ಏಳುವ ಮೊದಲೇ ಹೋಗಿ ಬಂದುಬಿಡಬೇಕು. ತಂಬಿಗೆ ಹಿಡಿದು ನಡೆದದ್ದನ್ನು ಮಾವ ಕಂಡರೆ ಆ ದಿನವೆಲ್ಲ ತಲೆ ಎತ್ತುವ ಹಾಗಿಲ್ಲ. ಅದನ್ನು ಕಾಕು ದೂರಿನಂತೆ ಹೇಳಲಿಲ್ಲ. ನಾನು ಆಗ ಅದನ್ನು ಮೂರ್ಖತನ ಅಂದುಕೊಂಡೆ. ಈಗ ಏನಂದುಕೊಳ್ಳುತ್ತೇನೆ ಎಂಬುದು ನನಗೂ ಸ್ಪಷ್ಟವಿಲ್ಲ.

ಇದನ್ನು ಕಾಕಾಗೆ ಹೇಳುವುದು ಹೇಗೆ? ಕಾಕು ಹೇಳುವವರಲ್ಲ. ನನಗೂ ಬಾಯಿ ಬರಲಿಲ್ಲ. ಮರುದಿನ ಬೆಳಿಗ್ಗೆ, ಅವರ ಸ್ನಾನಕ್ಕೆ ಮೊದಲೇ, ಮೆಟ್ಟಿಲ ಬಳಿ ನಿಲ್ಲಿಸಿದೆ.

"ಕಾಕಾ, ಒಂದು ರಿಪೇರಿ ಇದೆ."

"ಏನ್ ಸಪ್ಪಳ ಬರ್ತದ?"

"ನಮ್ಮ ಮನೆಯದಲ್ಲ, ನಿಮ್ಮ ಮನೆಯದು. ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ."

"ಅದನ್ನ ನಾನೇ ತಗದದ್ದು" ಅಂದವರು ನನ್ನ ಮುಖ ನೋಡಿ ನಿಂತರು. ಅವರಿಗೆ ಅರ್ಥವಾಗುವುದನ್ನು ನಾನು ನೋಡಿದೆ. "ಒಳಗ ಬಿದ್ರ?" ಅಂದರು. ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಚಿಲಕ ಮತ್ತೆ ಬಂತು. ಮೊದಲಿನ ಜಾಗದಲ್ಲಲ್ಲ, ಕೆಳಗೆ, ನೆಲದಿಂದ ಮೊಳದೆತ್ತರದಲ್ಲಿ, ಕೂತ ಕೈಗೂ ಬಿದ್ದ ಕೈಗೂ ಎಟಕುವ ಹಾಗೆ. ಅಲ್ಲದೆ ಅಂದಿನಿಂದ ಕಾಕಾ ದಿನಾ ಬೆಳಿಗ್ಗೆ ಚೀಲ ಹಿಡಿದು ಮಾರ್ಕೆಟ್ ಯಾರ್ಡಿಗೆ ಹೊರಟುಬಿಡುತ್ತಿದ್ದರು. ಇಬ್ಬರ ಮನೆಗೆ ದಿನಾ ಎಷ್ಟು ಕೊತ್ತಂಬರಿ ಬೇಕು! ಕಟ್ಟಡದ ಎಲ್ಲರಿಗೂ ಕೊತ್ತಂಬರಿ ಹಂಚಿದರು. "ಮುಂಜಾನೆ ನಡದ್ರ ಮೈಗೆ ಛಲೋ" ಅನ್ನುತ್ತಿದ್ದರು. ಕಾಕು ನೀರು ಕುಡಿಯತೊಡಗಿದರು. ಜ್ವರ ನಿಂತಿತು. ಗಲ್ಲ ತುಂಬಿತು. ನಾನು ಮಾತಾಡುವ ರೀತಿಯನ್ನು ಅಣಕಿಸಿ ನಗುವಷ್ಟು ಶಕ್ತಿ ಬಂತು. ಒಂದು ವರ್ಷ, ಬಹುಶಃ ಇನ್ನೂ ಸ್ವಲ್ಪ ಹೆಚ್ಚು, ಹಾಗೇ ನಡೆಯಿತು.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಎಷ್ಟೋ ಜನರಿಗೆ ನಾನು ಇಲ್ಲಿಗೇ ನಿಲ್ಲಿಸಿ ಹೇಳಿದ್ದೂ ಉಂಟು.

ಕಾಕು ಒಳಗೆ ಬಿದ್ದರು. ಸದ್ದು ನನಗೆ ಕೇಳಿಸಿತೋ, ಕಾಕಾ ಕರೆದ ಮೇಲೆ ನಾನು ಹೋದೆನೋ, ಈಗ ಹೇಳಲಾರೆ. ಕಾಕಾ ಆಗತಾನೆ ಪೇಟೆಯಿಂದ ಬಂದಿದ್ದರು. ಚೀಲ ಬಾಗಿಲ ಬಳಿ ಬಿದ್ದಿತ್ತು. "ಬಿದ್ದಿಯೇನು?" ಅಂತ ಬಾಗಿಲಿಗೆ ಬಾಯಿ ಇಟ್ಟು ಕೇಳಿದರು. ಒಳಗಿನಿಂದ ನರಳಿಕೆ. ಆಮೇಲೆ ಸ್ಪಷ್ಟವಾಗಿ, ಮಡಿಯಲ್ಲಿರುವಾಗ ಮಾತಾಡುತ್ತಿದ್ದ ಅದೇ ಗಡುಸು ದನಿಯಲ್ಲಿ, "ಒಳಗ ಬರಬ್ಯಾಡ್ರಿ. ಸೀರಿ ನೆಟ್ಟಗಿಲ್ಲ."

ಮುರೀರಿ ಕಾಕಾ ಅಂದೆ. ಕೀಲು ಹೊರಗಡೆಯೇ ಇತ್ತು, ಅವರೇ ಕೂಡಿಸಿದ್ದು, ಬಿಚ್ಚಲು ಅವರಿಗೆ ಎಷ್ಟು ಹೊತ್ತು? ನಾನು ಹೆಂಗಸು, ನಾನೊಬ್ಬಳೇ ಬರುತ್ತೇನೆ ಕಾಕು ಅಂತ ಕೂಗಿದೆ. "ಯಾರೂ ಬ್ಯಾಡ" ಅಂತ ಬಂತು. ಕಾಕಾ ಹತಾರದ ಚೀಲ ತಂದರು, ತಿರುಪುಳಿ ಕೈಗೆ ತೆಗೆದುಕೊಂಡರು. ನಾನು ಬದಿಗೆ ಸರಿದೆ. ಅವರು ಒಂದು ಕ್ಷಣ ಕೀಲನ್ನು ನೋಡಿದರು. ಆಮೇಲೆ ತಿರುಪುಳಿ ನೆಲದ ಮೇಲಿಟ್ಟು, ಬಾಗಿಲಿಗೆ ಬೆನ್ನು ಮಾಡಿ ಕೂತುಬಿಟ್ಟರು. "ನಾ ಈ ಕಡೆ ಮಾರಿ ಮಾಡಿ ಕೂತೀನಿ. ನೀ ಸಾವಕಾಶ ಬಾ."

ಎಷ್ಟು ಹೊತ್ತೋ ಗೊತ್ತಿಲ್ಲ. ನನ್ನ ಗಂಡನಿಗೆ ಹೇಳುವಾಗ ಒಮ್ಮೆ ಹತ್ತು ನಿಮಿಷ ಅಂದಿದ್ದೆ, ಇನ್ನೊಮ್ಮೆ ಅರ್ಧ ಗಂಟೆ. ಬಟ್ಟೆ ಎಳೆಯುವ ಸದ್ದು, ನೆಲ ಸವರುವ ಸದ್ದು, ನಡುವೆ ಉಸಿರು. ಕಾಕಾ ಎದುರು ಗೋಡೆಯನ್ನೇ ನೋಡುತ್ತಿದ್ದರು. ಕೊನೆಗೆ ಕೆಳಗಿನ ಚಿಲಕ ಸರಿಯಿತು. ಬಾಗಿಲು ಹೊರಕ್ಕೆ ಬಂದು ಕಾಕಾನ ಬೆನ್ನಿಗೆ ತಾಗಿತು. ಆಗಲೂ ಅವರು ತಿರುಗಲಿಲ್ಲ. "ನೋಡವಾ" ಅಂದರು ನನಗೆ. ನಾನು ನೋಡಿದೆ. ಕಾಕು ಗೋಡೆಗೆ ಒರಗಿ ಕೂತಿದ್ದರು, ಸೀರೆ ಪಾದದವರೆಗೆ ಇಳಿದಿತ್ತು, ಸೆರಗು ಹೆಗಲ ಮೇಲಿತ್ತು, ಮುಖ ಬೂದಿಯ ಬಣ್ಣ. ಸರಿ ಇದೆ ಕಾಕಾ ಅಂದೆ. ಆಗ ತಿರುಗಿದರು.

ಸೊಂಟದ ಇನ್ನೊಂದು ಬದಿಯ ಮೂಳೆಯೂ ಮುರಿದಿತ್ತು. ಕಾಕು ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಮುರಿದ ಮೂಳೆಯನ್ನು ಎಳೆದಾಡಿದ್ದರಿಂದ ಕೆಟ್ಟಿತೋ, ಅಲ್ಲದಿದ್ದರೂ ಹಾಗೇ ಆಗುತ್ತಿತ್ತೋ, ಹೇಳಲಾಗದು ಅಂದರು ಡಾಕ್ಟರು. ನಾಸಿಕದಿಂದ ಬಂದ ಮಗಳು ಆಸ್ಪತ್ರೆಯ ವರಾಂಡದಲ್ಲಿ ನಮ್ಮೆಲ್ಲರ ಎದುರೇ ಕೇಳಿದಳು: "ಊರ ಮಂದಿ ಸಂಡಾಸ ರಿಪೇರಿ ಮಾಡಿದ್ರಿ ಅಪ್ಪಾ. ಆಯಿ ಸಲುವಾಗಿ ಒಂದ್ ಬಾಗಲಾ ಮುರೀಲಿಕ್ಕೆ ಆಗಲಿಲ್ಲ ನಿಮ್ಮ ಕಡೆಯಿಂದ? ಅಲ್ಲಿ ಚಿಲಕ ಯಾಕ ಹಾಕಿದ್ರಿ?"

"ನಂದೇ ತಪ್ಪು" ಅಂದರು ಕಾಕಾ. ಅಷ್ಟೇ. ನಾನು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿದರು. ನಾನು ಮುಚ್ಚಿದೆ. ಕಾಕು ಒಳಗಿನಿಂದ ಏನಂದರು ಎಂದು ಹೇಳಿದರೆ, ಅವರು ಆಗ ಹೇಗಿದ್ದರು ಎಂಬುದನ್ನೂ ಮಗಳು ಕಣ್ಣಮುಂದೆ ತಂದುಕೊಳ್ಳುತ್ತಾಳೆ. ಅದು ಕಾಕಾಗೆ ಬೇಡವಾಗಿತ್ತು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಬೇರೇನಾದರೂ ಇದ್ದೀತು. ಕೇಳಲಿಲ್ಲ. ಕಾಕಾ ನಾಸಿಕಕ್ಕೆ ಹೋದರು, ನಾವು ವಾಕಡಕ್ಕೆ ಬಂದೆವು. ಮಗಳು ಅಪ್ಪನನ್ನು ಚೆನ್ನಾಗಿಯೇ ನೋಡಿಕೊಂಡಳು, ಆದರೆ ಮಾತು ಕಡಿಮೆ ಅಂತ ಯಾರೋ ಹೇಳುತ್ತಿದ್ದರು.

ಹಾರ್ಡ್‌ವೇರ್ ಅಂಗಡಿಗೆ ಹೋಗಿಬಂದ ವಾರದಲ್ಲೇ ಅವಳ ಫೋನ್ ಬಂತು. ಎರಡನ್ನೂ ಒಂದೇ ವಾರಕ್ಕೆ ತಂದು ಕೂರಿಸಿದವಳು ನಾನೇ ಇರಬಹುದು. "ವೈನಿ, ಅಪ್ಪ ಹೋದ್ರು" ಅಂದಳು. ನಿದ್ದೆಯಲ್ಲಿ, ತೊಂದರೆಯಿಲ್ಲದೆ. ಸಮಾಧಾನದ ಮಾತು ಮುಗಿದ ಮೇಲೂ ಅವಳು ಫೋನ್ ಇಡಲಿಲ್ಲ.

"ಅವತ್ತ ನೀವು ಅಲ್ಲೇ ಇದ್ರಿ ಅಲ್ಲ? ಖರೆ ಹೇಳ್ರಿ. ಆಯಿ ಒಳಗಿಂದ ಏನರೆ ಅಂದಳೇನು? ಅಪ್ಪಗ ಭಾಳ ಸಲ ಕೇಳಿದೆ. ಕಡೀತನಕಾ ಹೇಳಲಿಲ್ಲ."

ನಾನು ಯೋಚಿಸಿದೆ. ಹೇಳಿದ್ದರೆ ಅಪ್ಪನ ಮೇಲಿನ ಸಿಟ್ಟು ಕರಗುತ್ತಿತ್ತೇನೋ. ಕರಗಿ ಯಾರಿಗೇನು, ಅವರೇ ಇಲ್ಲವಲ್ಲ.

"ಬಾಗಿಲು ಅವರೇ ತೆಗೆದರು" ಅಂದೆ.

"ಯಾರು, ಆಯಿ? ತಾನೇ?"

"ತಾವೇ. ಸೆರಗು ಸರಿಮಾಡಿಕೊಂಡು, ತಾವೇ ತೆಗೆದರು."

ಆ ಕಡೆಯಿಂದ ಮೂಗೆಳೆದುಕೊಂಡ ಸದ್ದು, "ಹಂಗಽ ಇದ್ದಳು ನೋಡ್ರಿ ಆಕಿ" ಎಂಬ ಮಾತು, ಫೋನ್ ಇಟ್ಟದ್ದು.

ಅವಳು ಓದಿದ್ದು ಪುಣೆಯ ಮರಾಠಿ ಶಾಲೆಯಲ್ಲಿ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಕಾಕಾಗೆ ಓದಲು ಬರುತ್ತಿತ್ತು. ಓದಿದ್ದರೆ ಹರಿದು ಒಗಿ ಅನ್ನುತ್ತಿದ್ದರು, ನಾನು ಹರಿದು ಹಾಕುತ್ತಲೂ ಇದ್ದೆ. ಹಾಗನ್ನಲು ಈಗ ಅವರಿಲ್ಲ.