ಎಡಗಡೆಯ ಜಾಗ

ಅಗಸೆ ಎಣ್ಣೆಯ ವಾಸನೆ ಬಂದರೆ ಸಾಕು, ಅಮೆರಿಕದ ಸ್ಟರ್ಲಿಂಗಿನ ನಮ್ಮ ಬಾಡಿಗೆ ಮನೆಯ ಹಿತ್ತಲು ಕಣ್ಣ ಮುಂದೆ ಬರುತ್ತದೆ. ಪಕ್ಕದ ಮನೆಯ ಮಾರ್ಟಿನ್ ಅಂಕಲ್ ಮೆಟ್ಟಿಲ ಮೇಲೆ ಕುಳಿತು ಒಂದು ಕೋಲಿಗೆ ಆ ಎಣ್ಣೆ ಸವರುತ್ತಿದ್ದರು. ಸೊಂಟದೆತ್ತರದ ಕೋಲು, ತುದಿ ಅನ್ನದ ಹುಟ್ಟಿನಂತೆ ಅಗಲ, ಚಪ್ಪಟೆ. ಅವರು ಐರ್ಲೆಂಡಿನವರು. ಅಲ್ಲಿ ಹರ್ಲಿಂಗ್ ಎಂಬ ಆಟವಿದೆ. ಅಂಥ ಕೋಲಿನಿಂದ ತೊಗಲಿನ ಚೆಂಡನ್ನು ಗಾಳಿಯಲ್ಲೇ ಹೊಡೆದು ಕಂಬಗಳ ನಡುವೆ ದಾಟಿಸುತ್ತಾರೆ. ನನಗೆ ಅದು ನಮ್ಮ ಚಿನ್ನಿದಾಂಡಿನ ಹಿರಿಯಣ್ಣನಂತೆ ಕಂಡಿತು.

ತೊಂಬತ್ತರ ದಶಕದಲ್ಲಿ, ನಿಮ್ಮ ಅಜ್ಜ ತೀರಿಕೊಂಡ ವರ್ಷದ ಮಾತು ಇದು. ನಿಮ್ಮಮ್ಮ ನೀಲಾ ಆಗ ಒಂಬತ್ತರ ಹುಡುಗಿ. ಎಲ್ಲ ಮಾತಾಡುತ್ತಿದ್ದಳು, ನಗುತ್ತಲೂ ಇದ್ದಳು. 'ಅಪ್ಪ' ಎನ್ನುವುದೊಂದನ್ನು ಬಿಟ್ಟುಬಿಟ್ಟಿದ್ದಳು. ನಾನು ಆ ಮಾತೆತ್ತಿದರೆ ತಟ್ಟೆ ಬಿಟ್ಟು ಏಳುತ್ತಿದ್ದಳು. ಮನುಷ್ಯ ಹೋದ ಮೇಲೆ ಅವನನ್ನು ಕರೆಯುವ ಮಾತೂ ಹೀಗೆ ಮನೆ ಬಿಟ್ಟು ಹೋಗುತ್ತದೆಯೇ ಎಂದು ನನಗೆ ದಿಗಿಲು.

ಮನೆಗಳ ಹಿಂದೆ ಒಂದು ಇಟ್ಟಿಗೆ ಗೋಡೆಯಿತ್ತು. ಅದರ ಎಡಕ್ಕೆ ಬರೀ ಹುಲ್ಲುಬಯಲು. ಸಂಜೆ ಅಂಕಲ್ ಮತ್ತು ನೀಲಾ ಗೋಡೆಗೆ ಚೆಂಡು ಹೊಡೆಯುತ್ತಿದ್ದರು. ಚೆಂಡು ಎಡಕ್ಕೆ ಹಾರಿದರೆ ಮಾತ್ರ ಅಂಕಲ್ ಕದಲುತ್ತಿರಲಿಲ್ಲ. ಆ ಕಡೆ ನೀಲಾಳನ್ನೂ ನಿಲ್ಲಗೊಡುತ್ತಿರಲಿಲ್ಲ. ಯಾಕೆಂದು ಕೇಳಲು ನನಗೆ ಇಂಗ್ಲಿಷ್ ಸಾಲದು, ಸಂಕೋಚ ಬೇರೆ. ಒಂದು ದಿನ ಚಹಾ ಕೊಡುವಾಗ ನೀಲಾಳಿಂದ ಕೇಳಿಸಿದೆ.

"ಅಮ್ಮಾ, ಅದು ಕಾನ್ ಜಾಗ ಅಂತೆ. ಅಂಕಲ್ ಬ್ರದರ್."

"ಎಲ್ಲದಾರ ಅವರು?"

"ಸತ್ತುಹೋದ್ರು."

ಅಂಕಲ್ ಹೇಳಿದ್ದನ್ನು ನೀಲಾ ತಿಳಿಸಿದಳು: ಅಣ್ಣತಮ್ಮ ಇಬ್ಬರೂ ಒಂದೇ ತಂಡದಲ್ಲಿ ಮುಂದಿನ ಸಾಲಿನ ಆಟಗಾರರು. ಕಾನ್ ಎಡದಿಂದ ಚೆಂಡು ಕೊಡುವುದು, ಅಂಕಲ್ ಗೋಲು ಹೊಡೆಯುವುದು. ಅಂಗಡಿಗಳಲ್ಲಿ ಅಂಕಲ್ ಫೋಟೋ, ಊರೂರಿಗೆ ಅವರ ಮೇಲೆ ಹಾಡು. ಆಟಕ್ಕೆ ಸಂಬಳವಿರಲಿಲ್ಲ, ಭಾನುವಾರ ಜನರ ಹೆಗಲ ಮೇಲೆ, ಸೋಮವಾರ ಹಾಲಿನ ಗಾಡಿಯ ದುಡಿಮೆ. ಕಾನ್ ನದಿಯಲ್ಲಿ ಮುಳುಗಿದ ಮೇಲೆ ಆ ಜಾಗಕ್ಕೆ ಬಂದ ಹೊಸಬ ಅಲ್ಲಿ ನಿಲ್ಲಲಾರದೆ ದೂರ ಸರಿಯುತ್ತಿದ್ದನಂತೆ, ಅಲ್ಲಿ ಥಂಡಿ ಎನ್ನುತ್ತಿದ್ದನಂತೆ. ಅಂಕಲ್ ಮಾತ್ರ ಎಂದಿನಂತೆ ಕಾನ್ ಹೆಸರು ಕೂಗಿ ಎಡಕ್ಕೆ ಹೊಡೆಯುತ್ತಿದ್ದರು. ಯಾರೂ ಇಲ್ಲದ ಆ ಜಾಗದಿಂದ ಚೆಂಡು ಹಿಂದಿರುಗಿ ಬರುತ್ತಿತ್ತು. ಅವರು ಎಲ್ಲಕ್ಕಿಂತ ಹೆಚ್ಚು ಗೋಲು ಹೊಡೆದದ್ದು ಆ ವರ್ಷವೇ. ಒಂದು ಪಂದ್ಯದಲ್ಲಿ ಆತುರಕ್ಕೆ ಹೆಸರು ಕೂಗದೆ ಹೊಡೆದರು. ಅಂದಿನಿಂದ ಚೆಂಡು ಬರಲಿಲ್ಲ. ಆಟ ಬಿಟ್ಟು ಮರಗೆಲಸಕ್ಕೆಂದು ಅಮೆರಿಕಕ್ಕೆ ಬಂದರು.

"ಹೆಸರು ಕರೀದೇ ಹೊಡದ್ರೆ ಅದು ಯಾರಿಗೂ ಹೋಗಲ್ಲ ಅಂತೆ," ಎಂದಳು ನೀಲಾ. ಎಡಗಡೆಯ ಬಯಲು ನೋಡುತ್ತ ನಿಂತಳು.

ಮಾರನೆಯ ಸಂಜೆ ಊಟಕ್ಕೆ ಕರೆಯಲು ಹೋದೆ. ನೀಲಾ ಗೋಡೆ ಬಿಟ್ಟು, ಕೋಲು ಹಿಡಿದು ಎಡದ ಬಯಲಿನ ಕಡೆ ತಿರುಗಿ ನಿಂತಿದ್ದಳು. ಬಹಳ ಹೊತ್ತು ನಿಂತೇ ಇದ್ದಳು. ಆಮೇಲೆ ಕೂಗಿದಳು.

"ಅಪ್ಪಾ! ನಿಂದು!"

ಚೆಂಡು ಮಬ್ಬಿನೊಳಗೆ ಹೋಯಿತು. ಟಕ್ಕೆಂದು ಮರಕ್ಕೆ ತಾಗಿದ ಸದ್ದು. ಹುಲ್ಲಿನಲ್ಲಿ ಉರುಳಿ ಬಂದು ಅವಳ ಕಾಲ ಬಳಿ ನಿಂತಿತು. ಮೆಟ್ಟಿಲ ಮೇಲಿದ್ದ ಅಂಕಲ್ ಟೋಪಿ ತೆಗೆದರು.

ಊಟಕ್ಕೆ ಕೂತಾಗ ನೀಲಾ ತಲೆ ಎತ್ತದೆ ಹೇಳಿದಳು: "ಅಪ್ಪ ತುಂಬಾ ಸ್ಲೋ ಅಮ್ಮಾ. ಪ್ರಾಕ್ಟೀಸ್ ಇಲ್ಲ ಅಲ್ವಾ?"

"ಮೊದಲಿಂದನೂ ಅವರು ಹಂಗ ನಿಧಾನ," ಎಂದೆ. ಇಬ್ಬರೂ ನಕ್ಕೆವು, ಅತ್ತೆವು.

ಬೆಳಿಗ್ಗೆ ಹೋಗಿ ನೋಡಿದೆ. ಅಲ್ಲಿ ಮರವಿರಲಿಲ್ಲ, ಬೇಲಿಯಿರಲಿಲ್ಲ. ಇಬ್ಬನಿಯ ಮೇಲೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

ಅಂಕಲ್ ಈಗಿಲ್ಲ. ಆ ಮನೆಗಳಿದ್ದಲ್ಲಿ ಕಿಟಕಿಯೇ ಇಲ್ಲದ ಡೇಟಾ ಸೆಂಟರ್ ಹಗಲೂ ರಾತ್ರಿ ಗುಂಯ್‌ಗುಡುತ್ತದೆ. ಈಗ ನೀವಿರುವ ಬ್ಯಾಲಂಟೈನಿನ ರಸ್ತೆಯಲ್ಲಿ ನಿಮ್ಮಮ್ಮ ನಡೆಯುವಾಗ ಎಡಗಡೆ ಒಬ್ಬರಷ್ಟು ಜಾಗ ಬಿಡುತ್ತಾಳೆಂದು ನೀವು ನಗುತ್ತೀರಿ. ನಗಿ ಮಕ್ಕಳೇ. ಅಲ್ಲಿ ಹೋಗಿ ಮಾತ್ರ ನಿಲ್ಲಬೇಡಿ.