ಖಾಲಿ ತಟ್ಟೆಯ ಎಡೆ

ನೀವು ನಂಬಲೇಬೇಕು ಅಂತ ಇದನ್ನು ಬರೆಯುತ್ತಿಲ್ಲ. ನಂಬದಿದ್ದರೆ ನನಗೇ ಸ್ವಲ್ಪ ಹಗುರ. "ಕನಸು ಬಿದ್ದಿರ್ಬೇಕು ಬುಡಪ್ಪ" ಅಂತ ಮಗಳು ಸವಿತಾ ಅಂದಾಗ ನಾನೂ ಹೂಂ ಅಂದು ಸುಮ್ಮನಾಗೋಣ ಅಂದುಕೊಂಡೆ. ಆದರೆ ಕನಸಿನ ತಟ್ಟೆ ಬೆಳಿಗ್ಗೆ ಎದ್ದಾಗ ಮೇಜಿನ ಮೇಲೆ ಇರುವುದಿಲ್ಲ. ನಾನು ಕಂಡದ್ದು ಇತ್ತು. ಕೈಯಲ್ಲಿ ಮುಟ್ಟಿದ್ದೇನೆ.

ನಾನು ರಾವಂದೂರು ಕಡೆಯವನು. ಎಸ್ಸೆಸ್ಸೆಲ್ಸಿ ಓದಿ, ಆಮೇಲೆ ಬದುಕಿಡೀ ಹೊಗೆಸೊಪ್ಪು ಬೆಳೆದವನು. ಹೊಗೆಸೊಪ್ಪಿನ ಮನೆಗೆ ಬ್ಯಾರನ್ ಇರಲೇಬೇಕು. ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ತೂಗುಹಾಕಿ, ಹೊರಗಿನಿಂದ ಒಲೆ ಉರಿಸಿ ಬೇಯಿಸುವ ಎತ್ತರದ ಕೋಣೆ ಅದು. ಒಲೆ ಹೊತ್ತಿಸಿದ ಮೇಲೆ ಹಗಲೂ ರಾತ್ರಿ ಕಾಯಬೇಕು. ಉರಿ ತಗ್ಗಿದರೂ ಸೊಪ್ಪು ಕೆಟ್ಟಿತು, ಏರಿದರೂ ಕೆಟ್ಟಿತು. ಆ ದಿನಗಳಲ್ಲಿ ಗಂಡ ಹೆಂಡತಿ ಒಟ್ಟಿಗೆ ನಿದ್ದೆ ಮಾಡುವುದು ಅಂತಿಲ್ಲ. ಒಬ್ಬರು ಮಲಗಿದರೆ ಇನ್ನೊಬ್ಬರು ಒಲೆಯ ಮುಂದೆ.

ನನ್ನ ಹೆಂಡತಿ ಜಯಮ್ಮ. ಸೌದೆ ಹೊಗೆ ಕುಡಿದು ಕುಡಿದು ಅವಳಿಗೊಂದು ಒಣಕೆಮ್ಮು ಅಂಟಿಕೊಂಡಿತ್ತು. ಊಟಕ್ಕೆ ಕೂತವಳು ಎಷ್ಟೋ ಸಲ ತಟ್ಟೆಯನ್ನು ಸೆರಗಿನಲ್ಲಿ ಒರೆಸಿ, ಬೋರಲು ಹಾಕಿ ಎದ್ದುಬಿಡುತ್ತಿದ್ದಳು. "ನಂಗೆ ಹಸಿವಿಲ್ಲ ಕಣ್ರೀ." ಯಾಕೆ ಹಸಿವಿಲ್ಲ ಅಂತ ನಾನು ಒಂದು ದಿನವೂ ಕೇಳಿದವನಲ್ಲ.

ಒಂದು ಬೆಳಿಗ್ಗೆ ಒಲೆಯ ಪಕ್ಕ, ಗೋಡೆಗೆ ಒರಗಿ ಕೂತಲ್ಲೇ ಹೋಗಿದ್ದಳು. ಎದೆ ಹಿಡಿದಿರಬೇಕು ಅಂದರು ಡಾಕ್ಟರು. ಒಲೆಯಲ್ಲಿ ಉರಿ ಮಾತ್ರ ಹದವಾಗಿತ್ತು... ಆ ರಾತ್ರಿಯದು ಒಂದು ಮಾತು ಬಾಕಿ ಇದೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಇಲ್ಲಿ ಹೇಳುತ್ತೇನೆ.

ಅವಳು ಹೋದ ಮೇಲೆ ನನಗೆ ಬ್ಯಾರನ್ ಕಡೆ ನೋಡಲು ಆಗಲಿಲ್ಲ. ಹೊಲ ರಸ್ತೆ ಪಕ್ಕದ್ದು, ಸೈಟು ಮಾಡುವವರು ಕೇಳಿದರು, ಕೊಟ್ಟುಬಿಟ್ಟೆ. ಅವರು ಜೆಸಿಬಿ ತಂದು ಬ್ಯಾರನ್ ಉರುಳಿಸಿದ ದಿನ ನಾನು ಹುಣಸೂರಿನಲ್ಲಿ ಮಗಳ ಮನೆಯಲ್ಲಿ ಕೂತಿದ್ದೆ.

ಆಗ ಸಿಕ್ಕವನು ಬಷೀರ್. ಅವನ ಅಪ್ಪ ಪಿರಿಯಾಪಟ್ಟಣದಲ್ಲಿ ಬೇಕರಿ ಇಟ್ಟಿದ್ದ ಮಲಯಾಳಿ. ಬಷೀರ್ ನಮ್ಮ ಕಣ್ಣೆದುರೇ ಬೆಳೆದು, ದುಬೈ ಪಕ್ಕದ ಅಜ್ಮಾನಿಗೆ ಹೋಗಿ, ಪ್ರವಾಸಕ್ಕೆ ಬರುವವರಿಗೆ ದಿನದ ಲೆಕ್ಕದಲ್ಲಿ ಮನೆ ಕೊಡಿಸುವ ಕೆಲಸ ಹಿಡಿದಿದ್ದ. ರಜೆಗೆ ಬಂದವನು ಮೊಬೈಲಿನಲ್ಲಿ ಒಂದು ಫ್ಲಾಟು ತೋರಿಸಿದ. ಕಿಟಕಿ ತುಂಬಾ ಕಡಲು.

"ಗೌಡ್ರೇ, ನೀವು ಊರಲ್ಲೇ ಕಾಲು ಚಾಚಿಕೊಂಡು ಕೂತಿರಿ. ನಿಮ್ಮ ಮನೆ ಅಲ್ಲಿ ದುಡೀತದೆ."

ಜಯಮ್ಮ ಕಡಲನ್ನು ಟಿವಿಯಲ್ಲಿ ಮಾತ್ರ ನೋಡಿದವಳು. "ಒಂದ್ಸಲ ಕನ್ಯಾಕುಮಾರಿಗೆ ಕರ್ಕೊಂಡೋಗ್ರಿ" ಅನ್ನುತ್ತಿದ್ದಳು. ಸೊಪ್ಪು ಮುಗೀಲಿ ಅನ್ನುತ್ತಿದ್ದೆ. ಅವಳಿಲ್ಲದ ಮೇಲೆ ನಾನು ಕಡಲೆದುರಿಗೆ ಮನೆ ಕೊಂಡೆ.

ಫ್ಲಾಟು ಬರೀ ಗೋಡೆಯಾಗಿ ಕೈಗೆ ಬಂತು. ಸಾಮಾನು ತುಂಬಿಸಲು ನಾನೇ ಹೋದೆ. ಸೋಫಾ, ಮಂಚ, ಪರದೆ, ಬಿಳೀ ಟವೆಲು... ಬಷೀರ್ ಜೊತೆ ಅಂಗಡಿ ಅಂಗಡಿ ಸುತ್ತಿದೆ. ಊರಿನ ಮನೆಗೆ ಒಂದು ಒಳ್ಳೆಯ ಒಲೆ ತಂದುಕೊಡದ ನಾನು, ಯಾರೋ ಎರಡು ದಿನ ಇದ್ದು ಹೋಗುವವರಿಗಾಗಿ ಟೀ ಚಮಚದ ಹಿಡಿಯನ್ನೂ ತಿರುಗಿಸಿ ನೋಡಿ ಆರಿಸಿದೆ.

ಸಾಮಾನೆಲ್ಲ ತುಂಬಿ ಮುಗಿದ ದಿನ ಮಧ್ಯಾಹ್ನ ಸವಿತಾ ಫೋನ್ ಮಾಡಿದಳು.

"ಅಪ್ಪಾ, ಇವತ್ತು ಮಹಾಲಯ ಅಮಾಸೆ. ಗ್ಯಾನ ಅದಾ?"

ಮರೆತೇಹೋಗಿತ್ತು. ನಮ್ಮ ಕಡೆ ಅದು ಹಿರಿಯರ ಹಬ್ಬ. ಮನೆಯಲ್ಲಿ ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆ ಹಾಕಿ ಬಡಿಸುತ್ತೇವೆ. ಪಕ್ಕದಲ್ಲಿ ಹೊಸ ಬಟ್ಟೆ, ದೀಪ. ಅದಕ್ಕೆ ಎಡೆ ಅನ್ನುವುದು. ಬಡಿಸಿದ ಮೇಲೆ ಎಲ್ಲರೂ ಆಚೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡು ನಿಲ್ಲಬೇಕು. ಅವರು ಬಂದು ಉಂಡು ಹೋಗಲಿ ಅಂತ. ಒಳಗೆ ಹೋಗುವ ಮುಂಚೆ ಒಂದು ಸಲ ಕೆಮ್ಮಬೇಕು. ಉಣ್ಣುತ್ತಿರುವವರು ಬೆಚ್ಚಬಾರದಲ್ಲ...

"ನೀವಿಲ್ಲ. ಅವ್ವಂಗೆ ಎಡೆ ಇಡೋರು ಯಾರು? ನಾನು ಗಂಡನ ಮನೇಲಿ ಇಡಂಗಿಲ್ಲ."

"ಮುಂದಿನ ವರ್ಷ ಎರಡೂ ಸೇರಿಸಿ ಇಟ್ರಾಯ್ತು ಬುಡವ್ವ."

"ಎರಡು ವರ್ಸದ ಹಸಿವು ಒಂದೇ ದಿನ ಉಣ್ತಾಳಾ ಅವ್ವ?" ಅಂದಳು. ಫೋನ್ ಇಟ್ಟಳು.

ಜಯಮ್ಮನ ಎಡೆಗೆಂದು ಕೆ.ಆರ್. ನಗರದಲ್ಲಿ ಒಂದು ಹಸಿರು ಸೀರೆ ಮೊದಲೇ ತಂದಿದ್ದೆ. ಮನೆಯಲ್ಲಿ ಇಲಿ ಕಡಿದಾವು ಅಂತ ಅದನ್ನೂ ಬ್ಯಾಗಿಗೆ ತುರುಕಿಕೊಂಡು ಬಂದಿದ್ದೆ. ಸಂಜೆ ಬಷೀರ್ ಅದನ್ನು ನೋಡಿ ಕುಣಿದಾಡಿದ.

"ಇದನ್ನ ಮಂಚದ ಕಾಲ್ದೆಸೆ ಅಡ್ಡ ಹಾಸಿ ಗೌಡ್ರೇ! ಇಂಡಿಯನ್ ಟಚ್! ಬಿಳಿಯರು ಇದನ್ನ ನೋಡೇ ಬುಕ್ ಮಾಡ್ತಾರೆ."

"ಅದು ಬೇರೆದಕ್ಕೆ ತಂದದ್ದು ಕಣೋ..."

"ಫೋಟೋಗೆ ಮಾತ್ರ. ಸವೆದೋಗ್ತದಾ?"

ಹಾಸಿದೆ. ಅವನು ಊಟದ ಮೇಜಿನ ಮೇಲೆ ಬಿಳೀ ತಟ್ಟೆಗಳನ್ನು ಜೋಡಿಸಿದ. ಲೋಟ, ಮಡಿಸಿದ ಬಟ್ಟೆ. ನಡುವೆ ಒಂದು ಮೇಣದ ಬತ್ತಿ ಹಚ್ಚಿದ. ಊಟ ಎಲ್ಲೋ ಅಂದೆ. "ಊಟ ಯಾರಿಗೆ? ಇದು ಬರೀ ತೋರಿಸೋಕೆ" ಅಂದ.

ಅವನ ಕ್ಯಾಮೆರಾ ಕಂಬದ ಮೇಲೆ ಕೂತು ತಾನೇ ಸುತ್ತ ತಿರುಗಿ ಇಡೀ ಮನೆಯನ್ನು ಹಿಡಿಯುವಂಥದ್ದು. ಒಳಗೆ ಯಾರೂ ಇರಬಾರದು. ಇಬ್ಬರೂ ಆಚೆ ಬಂದು ಬಾಗಿಲು ಎಳೆದುಕೊಂಡೆವು. ಉದ್ದನೆಯ ಓಣಿ. ಒಂದು ನರಪಿಳ್ಳೆ ಇಲ್ಲ. ಎಸಿಯ ಗುಂಯ್ ಸದ್ದು ಅಷ್ಟೆ.

"ಆಯ್ತು, ತೆಗೀರಿ" ಅಂದ ಬಷೀರ್.

ನಾನು ಹಿಡಿಯ ಮೇಲೆ ಕೈ ಇಟ್ಟೆ... ಕೆಮ್ಮಿದೆ.

ಅವನು ಗೊಳ್ಳೆಂದು ನಕ್ಕ. "ಒಳಗೆ ಯಾರವ್ರೆ ಅಂತ ಕೆಮ್ತೀರಿ ಗೌಡ್ರೇ?"

ನನ್ನ ಕೈ ಅಲ್ಲೇ ನಿಂತಿತು. ಆಗ ಹೊಳೆಯಿತು ನಾನು ಮಾಡಿದ್ದು ಏನು ಅಂತ. ಅಮಾವಾಸ್ಯೆ. ಹೊಸ ಸೀರೆ. ದೀಪ. ಜೋಡಿಸಿದ ತಟ್ಟೆ. ಬಾಗಿಲು ಎಳೆದು ಆಚೆ ನಿಂತದ್ದು, ಕೊನೆಗೆ ಕೆಮ್ಮಿದ್ದು... ಎಲ್ಲಾ ಕ್ರಮವಾಗಿ ಆಗಿಹೋಗಿತ್ತು. ಅನ್ನ ಒಂದು ಬಿಟ್ಟು.

ಬೆಳಗಿನ ಬಿಸಿಲಲ್ಲಿ ಇನ್ನೊಂದಿಷ್ಟು ಫೋಟೋ ಬೇಕು, ಯಾವುದನ್ನೂ ಮುಟ್ಟಬೇಡಿ, ಮಂಚದ ಮೇಲೆ ಮಲಗಬೇಡಿ ಅಂತ ಹೇಳಿ ಬಷೀರ್ ಹೊರಟುಹೋದ. ಬತ್ತಿ ಆರಿಸಿದೆ. ಬಾಗಿಲಿಗೆ ಒಳಗಿನಿಂದ ಸರಪಳಿ ಹಾಕಿ, ಹಾಲಿನ ಸೋಫಾದ ಮೇಲೆ, ಹೊದಿಕೆ ಎಳೆದುಕೊಂಡು, ಮೇಜಿಗೆ ಬೆನ್ನು ಮಾಡಿ ಮಲಗಿದೆ.

ಎಷ್ಟು ಹೊತ್ತಾಗಿತ್ತೋ... ಮೊದಲು ವಾಸನೆ ಬಂತು.

ಹುಣಸೆ ಸೌದೆಯ ಹೊಗೆ. ಅದರ ಹಿಂದೆಯೇ ಬೇಯುತ್ತಿರುವ ಹೊಗೆಸೊಪ್ಪಿನ ಆ ಸಿಹಿ ಘಾಟು. ಕಿಟಕಿಯೆಲ್ಲ ಮುಚ್ಚಿದ ಮನೆ. ಹೊರಗೆ ಉಪ್ಪು ಗಾಳಿ, ಮರಳು. ಸೌದೆ ಎಲ್ಲಿಂದ ಬರಬೇಕು?

ಆಮೇಲೆ ಕುರ್ಚಿ. ಕಾಲು ನೆಲಕ್ಕೆ ಉಜ್ಜಿದ ಸದ್ದು... ಮೆಲ್ಲಗೆ, ಮಲಗಿದವರಿಗೆ ಎಚ್ಚರವಾಗಬಾರದು ಅನ್ನುವವರು ಎಳೆಯುವ ಹಾಗೆ.

ಬಳೆ. ಒಂದೇ ಸಲ.

ಬಹಳ ಹೊತ್ತು ಏನೂ ಇಲ್ಲ. ಯಾರೋ ತಟ್ಟೆಯ ಮುಂದೆ ಕೂತು ಕಾಯುತ್ತಿದ್ದಾರೆ ಅಂತ ಬೆನ್ನಿಗೆ ಗೊತ್ತಾಗುತ್ತಿತ್ತು. ಬಡಿಸುವವರಿಗಾಗಿ ಕಾಯುತ್ತಿದ್ದಾರೆ...

ಆಮೇಲೆ ಆ ಒಣಕೆಮ್ಮು. ನನಗೆ ಅದನ್ನು ಯಾರೂ ಗುರುತು ಹೇಳಿಕೊಡಬೇಕಾಗಿಲ್ಲ.

ಹೆಜ್ಜೆ ಸೋಫಾದ ಹತ್ತಿರ ಬಂತು. ಹೊಗೆ ವಾಸನೆ ಮುಖದ ತನಕ ಬಂತು.

"ಮನೀಕಂಡ್ರಾ?"

ಈಗ ಆ ಬಾಕಿ ಮಾತು ಹೇಳುತ್ತೇನೆ. ಜಯಮ್ಮ ಹೋದ ರಾತ್ರಿ ಒಲೆ ಕಾಯುವ ಸರದಿ ನನ್ನದು. ಅವಳು ಸಂಜೆಯಿಂದ ಒಲೆಯ ಮುಂದೆ ಇದ್ದು, ದಣಿದು, ಒಳಗೆ ಬಂದು ತಟ್ಟೆ ಬೋರಲು ಹಾಕಿ, ನನ್ನ ತಲೆದೆಸೆಯಲ್ಲಿ ನಿಂತು ಇದೇ ಮಾತು ಕೇಳಿದಳು. "ಮನೀಕಂಡ್ರಾ?" ಮಲಗಿಬಿಟ್ರಾ ಅಂತ. ನನಗೆ ಎಚ್ಚರವಿತ್ತು. ಪೂರ್ತಿ ಎಚ್ಚರವಿತ್ತು. ಓಗೊಟ್ಟರೆ ಎದ್ದು ಹೋಗಬೇಕಾಗುತ್ತದೆ ಅಂತ ಉಸಿರು ಉದ್ದಕ್ಕೆ ಎಳೆದು ನಿದ್ದೆ ನಟಿಸಿದೆ. ಅವಳು ಸ್ವಲ್ಪ ಹೊತ್ತು ನಿಂತಳು. ಹೊದಿಕೆ ಮೇಲಕ್ಕೆ ಎಳೆದು ಹೊದಿಸಿದಳು. ಕೆಮ್ಮುತ್ತ ಒಲೆಯ ಕಡೆ ವಾಪಸು ಹೋದಳು.

ಎದ್ದಿದ್ದರೆ ಉಳಿಯುತ್ತಿದ್ದಳೋ ಏನೋ, ನನಗೆ ಗೊತ್ತಿಲ್ಲ. ಒಬ್ಬಳೇ ಅಂತೂ ಹೋಗುತ್ತಿರಲಿಲ್ಲ.

ಅಜ್ಮಾನಿನ ಸೋಫಾದ ಮೇಲೆ ಅದೇ ಮಾತು ಕೇಳಿದಾಗ ನಾನು ಏನು ಮಾಡಿದೆ ಅಂತ ಕೇಳುತ್ತೀರಾ? ತಿರುಗಿ ನೋಡಿ, ಜಯಾ ಅಂತ ಕರೆದೆ ಅಂದುಕೊಂಡಿರಾ?

ಉಸಿರು ಉದ್ದಕ್ಕೆ ಎಳೆದೆ. ಕಣ್ಣು ಬಿಗಿಯಾಗಿ ಮುಚ್ಚಿದೆ. ನಿದ್ದೆ ನಟಿಸಿದೆ.

ಹೆದರಿಕೆ ಕಣ್ರೀ. ನಲವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಹೆಂಗಸಿಗೆ ಹೆದರಿಬಿಟ್ಟೆ.

ಅವಳು ಸ್ವಲ್ಪ ಹೊತ್ತು ನಿಂತಳು. ಹೊದಿಕೆ... ಕಾಲ ಬಳಿ ಜಾರಿದ್ದದ್ದು ಭುಜದ ತನಕ ಬಂತು. ಆಮೇಲೆ ಮೇಜಿನ ಕಡೆಯಿಂದ ಪಿಂಗಾಣಿಯ ಒಂದು ಸಣ್ಣ ಟಕ್. ವಾಸನೆ ತೆಳುವಾಗುತ್ತ ಹೋಯಿತು.

ಬೆಳಕು ಹರಿಯುವ ತನಕ ನಾನು ತಿರುಗಲಿಲ್ಲ.

ಬಾಗಿಲ ಸರಪಳಿ ಹಾಕಿದಂತೆಯೇ ಇತ್ತು. ಒಂದು ಕುರ್ಚಿ ಹಿಂದಕ್ಕೆ ಸರಿದಿತ್ತು. ಅದರ ಮುಂದಿನ ತಟ್ಟೆ ಮಾತ್ರ ಬೋರಲು ಬಿದ್ದಿತ್ತು. ಎತ್ತಿ ನೋಡಿದೆ. ಒರೆಸಿದ ಹಾಗೆ ಹೊಳೆಯುತ್ತಿತ್ತು. ಸೀರೆ ಮಂಚದ ಮೇಲೆ ಹಾಸಿದಂತೆಯೇ ಇತ್ತು. ಅದನ್ನು ಅವಳು ಮುಟ್ಟಿರಲಿಲ್ಲ. ಊಟ ಇಲ್ಲದ ಮನೆಯಲ್ಲಿ ಸೀರೆ ಯಾರಿಗೆ ಬೇಕು?

ಬಷೀರ್ ಬಂದು ಮೂಗು ಅರಳಿಸಿದ. "ಏನ್ ಗೌಡ್ರೇ, ಒಳಗೆ ಬೀಡಿ ಸೇದಿದ್ರಾ? ದಂಡ ಹಾಕ್ತಾರೆ ಇಲ್ಲಿ!" ನಾನು ಹೋಗಿ ಕಿಟಕಿ ತೆರೆದೆ.

ಊರಿಗೆ ಬಂದೆ. ಮುಂದಿನ ವರ್ಷ ಎಡೆ ಬಹಳ ಚೆನ್ನಾಗಿ ಮಾಡಿಸಿದೆ. ಕೋಳಿ ಸಾರು, ಮುದ್ದೆ, ವಡೆ, ಅವಳಿಗೆ ಪ್ರಾಣವಾಗಿದ್ದ ಕಾಯಿ ಒಬ್ಬಟ್ಟು. ಸವಿತಾಳೂ ಬಂದಿದ್ದಳು. ಅದೇ ಹಸಿರು ಸೀರೆ ಇಟ್ಟೆ. ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ನಿಂತೆವು. ಕೆಮ್ಮಿ ಒಳಗೆ ಹೋದೆ. ನನ್ನ ಅಪ್ಪ ಅವ್ವನ ಎಡೆ ಇಟ್ಟಾಗಲೆಲ್ಲ ಒಳಗೆ ಕಾಲಿಟ್ಟರೆ ಮನೆ ತುಂಬಿದಂತೆ ಅನ್ನಿಸುತ್ತಿತ್ತು. ಅವತ್ತು ಏನೂ ಇಲ್ಲ. ಬಡಿಸಿದ ಊಟ, ಆರಿದ ಸಾರು.

ಮಾರನೇ ದಿನ ಬಷೀರನ ಫೋನು.

"ಗೌಡ್ರೇ, ನಿನ್ನೆ ನಿಮ್ಮ ಫ್ಲಾಟ್ ಖಾಲಿ ಇತ್ತು. ಇವತ್ತು ಗೆಸ್ಟ್ ಬರ್ತಾರೆ ಅಂತ ನಿನ್ನೆಯೇ ಮೇಜು ಜೋಡಿಸಿ ಬೀಗ ಹಾಕಿದ್ದೆ. ಈಗ ಬಂದು ನೋಡಿದ್ರೆ ಒಂದು ತಟ್ಟೆ ಬೋರಲು. ಕ್ಲೀನ್ ಮಾಡೋ ಹೆಂಗಸು ತಾನಲ್ಲ ಅಂತ ಅಳ್ತಾ ಅವ್ಳೆ. ಇದು ಮೊದಲ್ನೇ ಸಲ ಅಲ್ಲ ಗೌಡ್ರೇ. ನಿಮಗೆ ಹೇಳಿರಲಿಲ್ಲ."

ಅಲ್ಲಿ ಇದ್ದು ಹೋದವರು ಬರೆದದ್ದನ್ನೂ ಅವನು ಓದಿ ಹೇಳಿದ. ಮನೆ ಚೆನ್ನಾಗಿದೆ, ರಾತ್ರಿ ಎಲ್ಲಿಂದಲೋ ಸೌದೆ ವಾಸನೆ ಅಂತ ಒಬ್ಬರು. ಯಾವುದೋ ಶೀತದ ದೇಶದ ಒಬ್ಬ ಮುದುಕಿ, ರಾತ್ರಿ ಒಬ್ಬ ಹೆಂಗಸು ಬಂದು ಮೃದುವಾಗಿ ಏನೋ ಕೇಳಿದಳು, ಭಾಷೆ ಗೊತ್ತಾಗಲಿಲ್ಲ, ಏನೋ ಕೇಳುತ್ತಿದ್ದಾಳೆ ಅಂತ ಮಾತ್ರ ತಿಳಿಯಿತು ಅಂತ ಬರೆದಿದ್ದಳಂತೆ.

ಕರೆದದ್ದು ನಾನೇ, ಅಲ್ಲಿಗೆ. ಗುರುತಿಲ್ಲದ ಊರು, ಗೊತ್ತಿಲ್ಲದ ಮಾತು, ದಿನಕ್ಕೊಬ್ಬರು ಮಲಗುವ ಮನೆ. ಅಲ್ಲಿ ಮಲಗಿದವರನ್ನೆಲ್ಲ ನಾನೇ ಅಂದುಕೊಂಡು ಕೇಳುತ್ತಿದ್ದಾಳೋ ಏನೋ...

ಮಾರಿಬಿಡಿ ಅನ್ನುತ್ತಾಳೆ ಸವಿತಾ. ಮಾರಿದರೆ ಅವಳು ಎಲ್ಲಿಗೆ ಹೋಗಬೇಕು? ಇಲ್ಲಿ ಬ್ಯಾರನ್ ಇಲ್ಲ, ಹೊಲ ಇಲ್ಲ.

ಈ ವರ್ಷ ಅಮಾವಾಸ್ಯೆಗೆ ಟಿಕೆಟ್ ತೆಗೆಸಿದ್ದೇನೆ. ಆ ವಾರ ಯಾರಿಗೂ ಮನೆ ಕೊಡಬೇಡ ಅಂತ ಬಷೀರನಿಗೆ ಹೇಳಿದ್ದೇನೆ. ರಾಗಿ ಹಿಟ್ಟು ಇಲ್ಲಿಂದಲೇ ಒಯ್ಯುತ್ತೇನೆ. ಮುದ್ದೆ ತಿರುವುವುದನ್ನು ಈ ವಯಸ್ಸಿನಲ್ಲಿ ಮಗಳ ಹತ್ತಿರ ಕಲಿತೆ.

ಈಗೀಗ ನಿದ್ದೆ ಬರುವುದಿಲ್ಲ. ಕತ್ತಲಲ್ಲಿ ಮಲಗಿ, ಬಾಯಿ ಬಿಟ್ಟು ಹೇಳಿ ಅಭ್ಯಾಸ ಮಾಡುತ್ತೇನೆ. "ಇಲ್ಲ ಕಣಮ್ಮಿ, ಎದ್ದಿವ್ನಿ. ನೀನು ಮನೀಕೋ. ಒಲೆ ನಾನು ನೋಡ್ಕೋತೀನಿ." ಎಷ್ಟು ಸಲೀಸಾದ ಮಾತು. ಇಲ್ಲಿ, ಯಾರೂ ಕೇಳದಿರುವಾಗ, ನಾಲಿಗೆ ಒಂದು ಸಲವೂ ತಡವರಿಸುವುದಿಲ್ಲ.

ಅಲ್ಲಿ, ಬೆನ್ನ ಹಿಂದೆ ಕುರ್ಚಿ ಸರಿದು, ಆ ಹೊಗೆ ವಾಸನೆ ಮುಖದ ತನಕ ಬಂದು, ಅವಳು ಕೇಳಿದಾಗ... ತಿರುಗುತ್ತೇನೋ, ಇಲ್ಲ ಮತ್ತೆ ಉಸಿರು ಉದ್ದಕ್ಕೆ ಎಳೆಯುತ್ತೇನೋ... ನನಗೆ ಗೊತ್ತಿಲ್ಲ.